ಅವ್ವನ ಆಮೆನ್

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಕಣ್ಣು ಬಿಟ್ಟುಕೊಂಡು ಬೈಯುತ್ತಿರಲಿಲ್ಲ. ಬೈಗುಳವೆಲ್ಲ ದೇವರ ಮೂಲಕವೇ ಬರಬೇಕಿತ್ತು. ಸಂಜೆ ಅಪ್ಪ ಆಫೀಸಿನಿಂದ ಬಂದು, ಕೈಕಾಲು ತೊಳೆದು, ಚಹಾ ಕುಡಿದ ಮೇಲೆ ಪಡಸಾಲೆಯಲ್ಲಿ ಚಾಪೆ ಹಾಸಿ ಪ್ರಾರ್ಥನೆಗೆ ಕೂಡುತ್ತಿದ್ದೆವು. ಒಂದು ಹಾಡು, ಬೈಬಲಿನ ಒಂದು ಪಾಠ, ಆಮೇಲೆ ಒಬ್ಬೊಬ್ಬರದಾಗಿ ಪ್ರಾರ್ಥನೆ. ಕಿರಿಯಳಾದ ನಾನು ಮೊದಲು, ನಂತರ ಅಕ್ಕ, ನಂತರ ಅವ್ವ, ಕಡೆಗೆ ಅಪ್ಪ. "ಕರ್ತನೇ, ಈ ಮನ್ಯಾಗ ನಳಾ ಚಾಲೂ ಬಿಟ್ಟು ಸಾಲಿಗೆ ಹೋಗೋರು ಅದಾರ. ಅವ್ರಿಗೆ ಜರಾ ಬುದ್ಧಿ ಕೊಡು" ಎಂದು ಅಪ್ಪ ಅಂದರೆ ಅದು ನನಗೆ. "ಎದುರು ಮಾತಾಡೋ ನಾಲಿಗಿ ಹಿಡತದಾಗ ಇಡು" ಎಂದು ಅವ್ವ ಅಂದರೆ ಅದು ಅಕ್ಕನಿಗೆ. ಪ್ರಾರ್ಥನೆಯ ನಡುವೆ ಬಾಯಿ ಹಾಕುವ ಹಾಗಿರಲಿಲ್ಲ. ಉತ್ತರ ಕೊಡಬೇಕೆಂದರೆ ನಮ್ಮ ಸರದಿ ಬರಬೇಕು. ಹಿರಿಯರ ಸರದಿ ಯಾವಾಗಲೂ ನಮ್ಮ ನಂತರವೇ ಬರುತ್ತಿದ್ದುದರಿಂದ ನಮ್ಮ ಉತ್ತರ ಮರುದಿನಕ್ಕೆ ಹೋಗುತ್ತಿತ್ತು. ಅಷ್ಟರಲ್ಲಿ ಸಿಟ್ಟು ಅರ್ಧ ಇಳಿದಿರುತ್ತಿತ್ತು. ಈ ಪದ್ಧತಿ ಕಂಡುಹಿಡಿದವರು ಯಾರೋ ಗೊತ್ತಿಲ್ಲ, ಮಕ್ಕಳನ್ನು ಬೆಳೆಸಿದವರೇ ಇರಬೇಕು.

ಇನ್ನೊಂದು ನಿಯಮ ಆಮೆನ್ನಿನದು. ಒಬ್ಬರ ಪ್ರಾರ್ಥನೆ ಮುಗಿದಾಗ ಉಳಿದವರೂ ಆಮೆನ್ ಅನ್ನಬೇಕು. ಅಂದರೆ ನೀವು ಅದಕ್ಕೆ ಒಪ್ಪಿದಿರಿ, ನಿಮ್ಮ ರುಜು ಬಿತ್ತು. ಒಪ್ಪಿಗೆ ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬಹುದು, ಅದಕ್ಕೆ ಯಾರೂ ಬೈಯುವುದಿಲ್ಲ. "ಮನಸ್ಸಿನಾಗ ಇಲ್ಲದ ಆಮೆನ್ ಬಾಯಾಗ ಬರಬಾರ್ದು" ಎಂಬುದು ಅಪ್ಪನ ಕಟ್ಟಪ್ಪಣೆ. ಒಮ್ಮೆ ಅಂದ ಆಮೆನ್ ವಾಪಸು ತೆಗೆದುಕೊಳ್ಳುವ ಹಾಗಿಲ್ಲ. ಆಮೆನ್ ಆಗದ ಪ್ರಾರ್ಥನೆ ಮುಗಿದಂತೆಯೂ ಅಲ್ಲ. ಅಲ್ಲಿಯವರೆಗೆ ಕಣ್ಣು ತೆರೆಯಕೂಡದು, ಏಳಕೂಡದು.

ಈ ವಿಷಯದಲ್ಲಿ ಮನೆಯ ಹೆಸರು ಕೆಡಿಸಿದವಳು ನಾನು. ಕಣ್ಣು ಮುಚ್ಚಿದರೆ ನನಗೆ ಉಸಿರು ಕಟ್ಟಿದಂತಾಗುತ್ತಿತ್ತು, ಹಾಗಾಗಿ ಎಲ್ಲರ ಮುಖ ನೋಡುತ್ತ ಕೂಡುತ್ತಿದ್ದೆ. ಕುಕ್ಕರಿನ ಸೀಟಿ ಕೇಳಿದರೆ ಸಾಕು, ಯಾರು ಏನು ಬೇಡಿದರೂ ನನ್ನ ಆಮೆನ್ ಹೊರಬೀಳುತ್ತಿತ್ತು. ಬೇಸಿಗೆಯಲ್ಲಂತೂ ಹೇಳುವುದೇ ಬೇಡ. ಕೂಲರಿನ ಸದ್ದಿನಲ್ಲಿ ದೇವರ ಜೊತೆ ಮಾತಾಡುವುದು ಮರ್ಯಾದೆಯಲ್ಲವೆಂದು ಅಪ್ಪ ಪ್ರಾರ್ಥನೆಗೆ ಮೊದಲು ಅದನ್ನು ಬಂದ್ ಮಾಡುತ್ತಿದ್ದರು. ನಾಗಪುರದ ಮೇ ತಿಂಗಳಲ್ಲಿ ಹಾಗೆ ಮಾಡಿದರೆ ಎಂಥ ಭಕ್ತರ ಪ್ರಾರ್ಥನೆಯೂ ಚುಟುಕಾಗುತ್ತದೆ. ನಮ್ಮ ಮನೆಯಲ್ಲಿ ಜಗಳ ಕಡಿಮೆಯಾಗುತ್ತಿದ್ದುದೂ ಅದೇ ತಿಂಗಳು.

ನಾವು ಗದಗಿನ ಕಡೆಯ ಕ್ರೈಸ್ತರು. ಅಪ್ಪನ ಕೇಂದ್ರ ಸರಕಾರದ ನೌಕರಿ ನಮ್ಮನ್ನು ಇಲ್ಲಿಗೆ ತಂದು ಬಿಟ್ಟಿತು, ಆಮೇಲೆ ಇಲ್ಲಿಯವರೇ ಆದೆವು. ಆಫೀಸಿನ, ಬ್ಯಾಂಕಿನ ಕನ್ನಡದವರು ಹಬ್ಬಕ್ಕೆ ಕರೆದು ಹೋಳಿಗೆ ಬಡಿಸಿ, "ನಿಮ್ಮ ಮನ್ಯಾಗ ಕನ್ನಡಾನ ಮಾತಾಡ್ತೀರೇನ್ರಿ?" ಎಂದು ಕೇಳುತ್ತಿದ್ದರು. ಚರ್ಚಿನ ಮರಾಠಿಯವರಿಗೆ ನಾವು 'ಕಾನಡಿ ಲೋಕ', ಕನ್ನಡದ ಮಂದಿ. ನಾಗಪುರದ ಸದರ್ ಬಡಾವಣೆಯಲ್ಲಿ ಅವರ ಆರಾಧನೆ ಮುಗಿದ ಮೇಲೆ, ಭಾನುವಾರ ಮಧ್ಯಾಹ್ನ, ಅದೇ ಚರ್ಚಿನಲ್ಲಿ ನಮ್ಮ ಕೆಲವೇ ಮನೆಗಳ ಕನ್ನಡ ಸಭೆ ಸೇರುತ್ತಿತ್ತು. ಬೆಂಚುಗಳು ಇನ್ನೂ ಬೆಚ್ಚಗಿರುತ್ತಿದ್ದವು. ಚೌಕೀದಾರ ಬಾಗಿಲಲ್ಲಿ ನಿಂತು ಕೀಲಿಕೈ ಗೊಂಚಲು ಅಲ್ಲಾಡಿಸುತ್ತ, ಹಾಡಿನಲ್ಲಿ ಇನ್ನೆಷ್ಟು ನುಡಿ ಉಳಿದಿವೆ ಎಂದು ನಮ್ಮ ಮುಖ ನೋಡುತ್ತಿದ್ದ. ಆ ಮಧ್ಯಾಹ್ನಗಳು ಈಗ ನೆನಪಾದರೆ ನನಗೆ ಮೊದಲು ಬರುವುದು ಅವನ ಕೀಲಿಯ ಸದ್ದು, ಆಮೇಲೆ ಹಾಡು.

ನಮ್ಮ ಮನೆಗೆ ಮಿಶನ್ನಿನ ಋಣ ಹಳೆಯದು. ಅವ್ವನ ತಾಯಿ, ಅಂದರೆ ನಮ್ಮ ಅಜ್ಜಿ, ಊರಿಗೆ ಊರೇ ಜ್ವರ ಬಿದ್ದ ಒಂದು ವರ್ಷ ಅಪ್ಪ ಅವ್ವ ಇಬ್ಬರನ್ನೂ ಕಳೆದುಕೊಂಡ ಕೂಸು. ಅವಳನ್ನು ಮಿಶನ್ ಅನಾಥಾಲಯಕ್ಕೆ ಎತ್ತಿಕೊಂಡು ಬಂದು ಬೆಳೆಸಿದವಳು ಪರದೇಶದ ಒಬ್ಬ ಮಿಸ್ಸಮ್ಮ. ಆಕೆ ರೊಟ್ಟಿ ತಟ್ಟುವುದನ್ನೂ ಕಲಿತಿದ್ದಳಂತೆ, ಆದರೆ ಕಡೆಯವರೆಗೂ ಒಂದು ರೊಟ್ಟಿ ದುಂಡಗೆ ಬರಲಿಲ್ಲವಂತೆ. ನಾವು ಕೆಟ್ಟದಾಗಿ ರೊಟ್ಟಿ ತಟ್ಟಿದರೆ ಅವ್ವ "ಮಿಸ್ಸಮ್ಮನ ರೊಟ್ಟಿ" ಎಂದು ನಗುತ್ತಿದ್ದಳು.

ಅಪ್ಪ ತೀರಿಕೊಂಡ ಮೇಲೆ ಕಡೆಯ ಪ್ರಾರ್ಥನೆ ಅವ್ವನದಾಯಿತು. ನಾನು ಶಾಲೆಯೊಂದರಲ್ಲಿ ಟೀಚರಾಗಿದ್ದೆ, ಅಕ್ಕ ನರ್ಸು. ಒಂದು ಭಾನುವಾರ ನಮ್ಮ ಸಭೆಗೆ ವಯಸ್ಸಾದ ಒಬ್ಬ ಡಾಕ್ಟರು ಬಂದು, ತಾವು ದುಡಿದ ದೂರದ ಮಿಶನ್ ಆಸ್ಪತ್ರೆಯ ಬಗ್ಗೆ ಮಾತಾಡಿದರು. ಆ ದೇಶದ ಹೆಸರು ಬರೆಯುವುದಿಲ್ಲ, ಅಕ್ಕನ ಜೊತೆಯವರು ಇನ್ನೂ ಅಲ್ಲಿದ್ದಾರೆ. ಆಫ್ರಿಕಾದಲ್ಲಿದೆ, ತಮ್ಮತಮ್ಮಲ್ಲೇ ಬಡಿದಾಡಿ ಸುಸ್ತಾಗಿರುವ ದೇಶ ಎಂದರೆ ಸಾಕು. ಹೆರಿಗೆ ಮಾಡಿಸುವ ಕೈಗಳಿಲ್ಲ ಎಂದರು ಅವರು. ಅಕ್ಕ ಹೋಗುತ್ತೇನೆ ಎಂದಳು. ಆಗ ಅಲ್ಲಿ ಕಾಳಗ ನಿಂತಿತ್ತು, ಅವ್ವನೂ ಹೆಚ್ಚು ತಕರಾರಿಲ್ಲದೆ ಆಮೆನ್ ಅಂದಳು.

ಆಮೇಲೆ ಭಾನುವಾರ ಸಂಜೆಯ ಪ್ರಾರ್ಥನೆ ಫೋನಿನಲ್ಲಿ ಶುರುವಾಯಿತು. ಚಾಪೆಯ ನಡುವೆ ಅವ್ವನ ಮೊಬೈಲು, ಅದರೊಳಗಿನಿಂದ ಅಕ್ಕನ ದನಿ. ಲೈನು ಯಾವಾಗ ಹೋಗುತ್ತದೋ ಎಂದು ಕುಶಲ ಕೇಳುವುದಕ್ಕಿಂತ ಮೊದಲೇ ಪ್ರಾರ್ಥನೆ ಮಾಡಿಬಿಡುತ್ತಿದ್ದಳು. ಆದರೂ ಎಷ್ಟೋ ಸಲ ನಡುವೆಯೇ ಕಟ್ ಆಗುತ್ತಿತ್ತು. ಅವ್ವ ಕಣ್ಣು ತೆರೆಯುತ್ತಿರಲಿಲ್ಲ.

"ಅವ್ವಾ, ಲೈನ್ ಹೋಗೇತಿ. ಏಳು, ಊಟಾ ಆರಾಕತ್ತೇತಿ" ಎನ್ನುತ್ತಿದ್ದೆ ನಾನು.

"ಆಕೀ ಆಮೆನ್ ಆಗಿಲ್ಲ. ಸುಮ್ನ ಕುಂದರ."

ಫೋನು ಮತ್ತೆ ಬಂದಾಗ ಅಕ್ಕ ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದಳು, ನಾವು ಹಾಗೆಯೇ ಕೂತಿರುತ್ತೇವೆಂದು ಅವಳಿಗೆ ಗೊತ್ತಿತ್ತು. ಅವಳ ಮಾತಿನಿಂದಲೇ ನಮಗೆ ಆ ಆಸ್ಪತ್ರೆ ಪರಿಚಯವಾಯಿತು. ತಗಡಿನ ಮಾಡು, ರೋಗಿಗಳ ಮನೆಯವರು ಅಡುಗೆ ಮಾಡಿಕೊಳ್ಳುವ ಮಾವಿನ ಮರ, ಕೊರಳಲ್ಲಿ ಸೀಟಿ ಕಟ್ಟಿಕೊಂಡೇ ನಿದ್ದೆ ಹೋಗುವ ಮುದುಕ ಕಾವಲುಗಾರ, ಮತ್ತು ಅಕ್ಕನ ಜೊತೆ ಹೆರಿಗೆ ಮಾಡಿಸುತ್ತಿದ್ದ ಆ ಊರಿನದೇ ಒಬ್ಬ ನರ್ಸು. ಅವಳು ನಕ್ಕರೆ ಫೋನಿನಲ್ಲಿ ನಮಗೂ ಕೇಳಿಸುತ್ತಿತ್ತು. ಅವ್ವ ಅವಳನ್ನು "ನಿನ್ನ ಸೂಲಗಿತ್ತಿ" ಎನ್ನುತ್ತಿದ್ದಳು.

ಕಾಳಗ ಮತ್ತೆ ಹತ್ತಿಕೊಂಡಿತು. ಒಂದು ಭಾನುವಾರ ಫೋನು ಬರಲಿಲ್ಲ, ಮುಂದಿನ ಭಾನುವಾರವೂ ಇಲ್ಲ. ಅವ್ವ ಮೊಬೈಲನ್ನು ಚಾರ್ಜು ಮಾಡಿ ಮಾಡಿ ಚಾಪೆಯ ನಡುವೆ ಇಡುತ್ತಿದ್ದಳು. ಸಭೆಯ ಹಿರಿಯರು ಬಂದು ಪ್ರಾರ್ಥಿಸಿ ಹೋಗುತ್ತಿದ್ದರು. ನನಗೆ ದೇವರ ಮೇಲೆ ಸಿಟ್ಟಿತ್ತು, ಮಿಶನ್ನಿನ ಮೇಲೆ ಸಿಟ್ಟಿತ್ತು, ಆ ವಯಸ್ಸಾದ ಡಾಕ್ಟರ ಮೇಲೂ ಸಿಟ್ಟಿತ್ತು. ಹಿರಿಯರ ಪ್ರಾರ್ಥನೆಗೆ ನಾನು ಆಮೆನ್ ಅನ್ನಲಿಲ್ಲ.

ಕಡೆಗೂ ಅಕ್ಕ ಬಂದಳು. ನಾಗಪುರದ ವಿಮಾನ ನಿಲ್ದಾಣದಿಂದ ಒಂದೇ ಒಂದು ಬಟ್ಟೆಯ ಚೀಲ ಹಿಡಿದು ಹೊರಬಂದವಳನ್ನು ನಾನು ಮೊದಲು ಗುರುತಿಸಲೇ ಇಲ್ಲ, ಅಷ್ಟು ಇಳಿದುಹೋಗಿದ್ದಳು. ಬಂದೂಕಿನವರು ಗಾದಿ, ಔಷಧ ಎಲ್ಲ ಹೊತ್ತುಕೊಂಡು ಹೋದರಂತೆ. ಬಾಣಂತಿಯರನ್ನು ಚರ್ಚಿನ ಅಂಗಳಕ್ಕೆ ಸಾಗಿಸಿದರಂತೆ, ಅಲ್ಲೇ ಒಂದು ಹೆರಿಗೆಯೂ ಆಯಿತಂತೆ. ಪರದೇಶದವರನ್ನು ಮಾತ್ರ ವಿಮಾನದಲ್ಲಿ ಹೊರಗೆ ಕಳಿಸಿದರು.

"ನಿನ್ನ ಸೂಲಗಿತ್ತಿ?" ಎಂದು ಕೇಳಿದಳು ಅವ್ವ.

"ನನ್ನ ಪಾಸ್‌ಪೋರ್ಟ್ ಬ್ಯಾರೆ ದೇಶದ್ದು, ನಾ ವಿಮಾನ ಹತ್ತಿದೆ. ಆಕೀದು ಅಲ್ಲೀದ, ಆಕಿ ಉಳದ್ಲು."

ಮದುವೆಯ ಕಾಲವದು. ಸದರಿನ ರಸ್ತೆಯಲ್ಲಿ ದಿಬ್ಬಣದವರು ಪಟಾಕಿ ಹಚ್ಚಿದರೆ ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತುಬಿಡುತ್ತಿದ್ದಳು. ಅವ್ವ ಅವಳಿಗೆ ತುಪ್ಪ ಹಾಕಿ, ಎಣ್ಣೆ ಹಚ್ಚಿ, ಮಧ್ಯಾಹ್ನ ಮಲಗಿಸಿ, ಮತ್ತೆ ಮನುಷ್ಯಳನ್ನಾಗಿ ಮಾಡಿದಳು. ಆ ದಿನಗಳಲ್ಲಿ ನಾವು ಮೂವರೂ ಸುಖವಾಗಿದ್ದೆವು ಎಂದು ಹೇಳಿದರೆ ತಪ್ಪಾಗಲಾರದು. ಆಮೇಲೆ ಒಂದು ದಿನ ಫೋನು ಬಂತು: ಆಸ್ಪತ್ರೆ ಮತ್ತೆ ತೆರೆದಿದೆ, ಸೂಲಗಿತ್ತಿ ಒಬ್ಬಳೇ ಇದ್ದಾಳೆ, ಬರುತ್ತೀಯಾ.

ಆ ಸಂಜೆಯಿಂದ ನಮ್ಮ ಚಾಪೆಯ ಮೇಲೆ ಯುದ್ಧ ಶುರುವಾಯಿತು. ನೇರ ಮಾತಿನಲ್ಲಿ ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ. ಊಟ, ಬಟ್ಟೆ, ಗ್ಯಾಸು ಸಿಲಿಂಡರು, ಅಷ್ಟೇ. ಕಣ್ಣು ಮುಚ್ಚಿದ ಮೇಲೆ ನಿಜವಾದ ಮಾತು.

"ಕರ್ತನೇ, ರೋಗ ಇರೂದು ಬರೇ ಅಲ್ಲೇನು? ಇಲ್ಲೇ ನಾಗಪುರದ ಬಾಜೂಕ ಬುಟಿಬೋರಿಯಾಗ ಕಾರ್ಖಾನಿ ಮಂದೀಗೆ ದವಾಖಾನಿ ಸಾಲವಲ್ವು. ಅಲ್ಲೂ ಹೆಣ್ಮಕ್ಕಳು ಹಡೀತಾರ. ಅದು ನಿನ್ನ ಕಣ್ಣಿಗೆ ಬೀಳಂಗಿಲ್ಲೇನಪಾ?" ಎಂದಳು ಅವ್ವ.

ಮರುದಿನ ಅಕ್ಕನ ಸರದಿ: "ಕರ್ತನೇ, ಬುಟಿಬೋರಿಗೆ ಬಸ್ಸರ ಅದಾವು. ಅಲ್ಲಿಯವ್ರು ಬ್ಯಾನಿ ಬಂದ ಹೆಣ್ಮಗಳನ್ನ ಮಂಚದ ಮ್ಯಾಗ ಹೊತ್ಗೊಂಡು ದಿನಾನಗಟ್ಲೆ ನಡೀತಾರ. ಅಜ್ಜೀನ ಎತಗೊಂಡು ಬಂದ್ಲಲ್ಲ, ಆ ಮಿಸ್ಸಮ್ಮಗೂ ಒಬ್ಬಾಕಿ ಅವ್ವ ಇದ್ಲು. ಆಕಿ ಬ್ಯಾಡ ಅಂದಿದ್ರ ನಾವ್ಯಾರೂ ಈ ಚಾಪಿ ಮ್ಯಾಲ ಇರ್ತಿದ್ದಿಲ್ಲ."

ಅವ್ವ ಆ ಸಂಜೆ ತಕ್ಷಣ ಶುರುಮಾಡಲಿಲ್ಲ. ನಾನು ಕಣ್ಣು ತೆರೆದೇ ಇದ್ದೆನಲ್ಲ, ನೋಡಿದೆ: ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಕಡೆಗೆ, "ಮಿಸ್ಸಮ್ಮನ ಅವ್ವ ಅತ್ತಿರಬೇಕು. ಆಕಿನ್ನ ನೀ ಹ್ಯಾಂಗ ಸಮಾಧಾನ ಮಾಡಿದಿ, ಅದನ್ನ ನನಗ ಹೇಳು" ಎಂದಷ್ಟೇ ಬೇಡಿ ಮುಗಿಸಿದಳು.

ಅಕ್ಕ ನನಗೆ ಅಡುಗೆಮನೆಯಲ್ಲಿ ಹೇಳಿಬಿಟ್ಟಿದ್ದಳು: "ಅವ್ವನ ಆಮೆನ್ ಇಲ್ಲದ ನಾ ಹೋಗಂಗಿಲ್ಲ." ವೀಸಾ ಬಂತು, ಹೊರಡುವ ದಿನ ಗೊತ್ತಾಯಿತು. ನಮ್ಮಲ್ಲಿ ದೂರ ಹೋಗುವವರನ್ನು ಸಭೆ ಪ್ರಾರ್ಥನೆ ಮಾಡಿ ಕಳಿಸುವ ರೂಢಿಯಿದೆ. ಅವರನ್ನು ಮುಂದೆ ಮೊಣಕಾಲೂರಿಸಿ, ಎಲ್ಲರೂ ತಲೆಯ ಮೇಲೆ ಕೈಯಿಡುತ್ತಾರೆ. ಆ ಭಾನುವಾರ ಅಕ್ಕ ಮೊಣಕಾಲೂರಿದಳು. ಅವ್ವನೂ ಎದ್ದು ಬಂದು ಕೈಯಿಟ್ಟಳು. ಹಿರಿಯರು ಮನಸಾರೆ ಪ್ರಾರ್ಥಿಸಿದರು, ಸಭೆ ಆಮೆನ್ ಅಂದಿತು. ಇದ್ದದ್ದೇ ಕೆಲವು ಜನ, ಒಂದು ದನಿ ಕಡಿಮೆಯಾದರೂ ಗೊತ್ತಾಗುತ್ತದೆ. ಹಿರಿಯರು ಕೆಮ್ಮಿ, ಇನ್ನೊಮ್ಮೆ ಮೆಲ್ಲಗೆ "ಆಮೆನ್" ಎಂದು ಕಾದರು. ಅವ್ವನ ಕೈ ಅಕ್ಕನ ತಲೆಯ ಮೇಲೇ ಇತ್ತು, ತುಟಿ ಮಾತ್ರ ಬಿಗಿದುಕೊಂಡಿತ್ತು. ಬಾಗಿಲಲ್ಲಿ ಚೌಕೀದಾರನ ಕೀಲಿಕೈ ಕೂಡ ಸುಮ್ಮನಾಗಿತ್ತು.

ಅಕ್ಕ ಹೋಗಲಿಲ್ಲ. ಚೀಲ ಬಿಚ್ಚಿ ಬಟ್ಟೆ ಒಳಗಿಟ್ಟಳು. ಬುಟಿಬೋರಿಯಲ್ಲಿ ಕಾರ್ಮಿಕರ ಒಂದು ಸಣ್ಣ ದವಾಖಾನೆಗೆ ಸೇರಿ, ದಿನಾ ಹೈವೇ ಬಸ್ಸು ಹತ್ತಿ ಹೋಗಿ ಬರತೊಡಗಿದಳು. ಅವ್ವ ಗೆದ್ದಿದ್ದಳು. ಆದರೆ ಸಂಜೆಯ ಚಾಪೆ ಸತ್ತಂತಾಯಿತು. "ಅನ್ನಕ್ಕೆ ಸ್ತೋತ್ರ, ನಿದ್ರೆ ಕೊಡು, ಆಮೆನ್", ಅಕ್ಕನ ಪ್ರಾರ್ಥನೆ ಅಷ್ಟಕ್ಕೆ ಮುಗಿಯುತ್ತಿತ್ತು. ಮೇ ತಿಂಗಳಲ್ಲದಿದ್ದರೂ ನಾವು ಬೇಗ ಬೇಗ ಏಳುತ್ತಿದ್ದೆವು. ಸೂಲಗಿತ್ತಿಯ ಹೆಸರಾಗಲಿ, ಮಾವಿನ ಮರವಾಗಲಿ ನಮ್ಮ ಮನೆಯಲ್ಲಿ ಕೇಳಿಸದಾಯಿತು. ಅವ್ವ ಅಕ್ಕನಿಗೆ ಇಷ್ಟವೆಂದು ಮೇಲಿಂದ ಮೇಲೆ ಎಣ್ಣೆಗಾಯಿ ಪಲ್ಯ ಮಾಡುತ್ತಿದ್ದಳು, ಅಕ್ಕ ಚಲೋ ಆಗೇತಿ ಎಂದು ಉಣ್ಣುತ್ತಿದ್ದಳು. ಅವಳು ಸಿಟ್ಟು ಮಾಡಿದ್ದರೆ ಅವ್ವನಿಗೆ ಹಗುರವಾಗುತ್ತಿತ್ತು.

ಒಂದು ಸಂಜೆ ಪ್ರಾರ್ಥನೆಗೆ ಕೂಡುವ ಹೊತ್ತಿಗೆ ಫೋನು ಬಂತು. ಅತ್ತ ಕಡೆ ಸೂಲಗಿತ್ತಿ. ಅಕ್ಕ ಮುರುಕು ಇಂಗ್ಲಿಷು, ಅವರ ಭಾಷೆ ಎರಡೂ ಬೆರೆಸಿ ಮಾತಾಡಿದಳು, ಮಾತಾಡುತ್ತ ಗಟ್ಟಿಯಾಗಿ ನಕ್ಕಳು. ಆ ನಗು ಕೇಳಿ ಎಷ್ಟೋ ತಿಂಗಳಾಗಿತ್ತು. ಅವ್ವ ಕೈಯಲ್ಲಿದ್ದ ಪಾಠದ ಪುಸ್ತಕ ಮಡಚಿ ಅವಳನ್ನೇ ನೋಡುತ್ತಿದ್ದಳು. ಆಮೇಲೆ ಅಕ್ಕ ಫೋನನ್ನು ಚಾಪೆಯ ಮೇಲಿಟ್ಟು, "ಅವ್ವಾ, ಆಕಿ ನಿನ್ನ ಕೂಡ ಪ್ರಾರ್ಥನಾ ಮಾಡ್ತಾಳಂತ" ಎಂದಳು. ಪರರ ಮನೆಯ ಹೆಣ್ಣುಮಗಳು ಪ್ರಾರ್ಥನೆಗೆ ಕೂತಾಗ ಬೇಡ ಅನ್ನುವ ಪೈಕಿ ಅಲ್ಲ ನಮ್ಮವ್ವ. ಕಣ್ಣು ಮುಚ್ಚಿದಳು. ಅತ್ತ ಸೂಲಗಿತ್ತಿ ತನ್ನ ಭಾಷೆಯಲ್ಲಿ ಬಹಳ ಹೊತ್ತು ಪ್ರಾರ್ಥಿಸಿದಳು. ದನಿ ಏರಿತು, ಇಳಿಯಿತು, ನಡುವೆ ಒಮ್ಮೆ ಅತ್ತಂತೆಯೂ ಕೇಳಿಸಿತು. ಒಂದಕ್ಷರ ತಿಳಿಯದಿದ್ದರೂ ಅವ್ವ ತಲೆದೂಗುತ್ತಿದ್ದಳು. ಕಡೆಗೆ ಸೂಲಗಿತ್ತಿ "ಆಮೆನ್" ಎಂದಳು. ಅವ್ವನೂ, ಜೀವಮಾನವಿಡೀ ಅಂದ ರೂಢಿಯಿಂದ, "ಆಮೆನ್" ಎಂದಳು. ಲೈನು ಹೋಯಿತು.

"ಏನಂತ ಬೇಡಿದ್ಲು, ಪಾಪ?" ಎಂದು ಕೇಳಿದಳು ಅವ್ವ.

ಅಕ್ಕ ಹೇಳಲೋ ಬೇಡವೋ ಎಂದು ನನ್ನತ್ತ ನೋಡಿದಳು. "ನನ್ನ ಅಲ್ಲಿಗೆ ಕಳಸು ಅಂತ ಬೇಡಿದ್ಲವಾ."

ಅವ್ವನ ಮುಖ ನೋಡುವಂತಿತ್ತು. "ತಿಳೀಲಾರದ ಅಂದದ್ದು ಅದು. ಲೆಕ್ಕಕ್ಕ ಹಿಡಿಯಂಗಿಲ್ಲ" ಎಂದು ಎದ್ದು ಅಡುಗೆಮನೆಗೆ ಹೋದಳು, ಪಾತ್ರೆ ಸದ್ದು ಮಾಡಿದಳು.

"ಬಿಡವಾ, ನಾನೂ ಹಿಡಿಯಂಗಿಲ್ಲ" ಎಂದಳು ಅಕ್ಕ. ಅವಳು ನಿಜವಾಗಿಯೂ ಬಿಟ್ಟಳು, ಮರುದಿನ ಎಂದಿನಂತೆ ಬುಟಿಬೋರಿಯ ಬಸ್ಸು ಹತ್ತಿದಳು. ಬಿಡಲಾರದವಳು ಅವ್ವ. ನಾನು ಶಾಲೆಯಿಂದ ಬಂದಾಗ ಕಾಯಿಪಲ್ಯ ಹೆಚ್ಚದೆ ಮುಂದಿಟ್ಟುಕೊಂಡು ಕೂತಿದ್ದಳು. "ನಿಮ್ಮಪ್ಪ ಇದ್ದಿದ್ರ ಏನಂತಿದ್ರು?" ಎಂದು ನನ್ನನ್ನು ಕೇಳಿದಳು. ಒಮ್ಮೆ ಅಂದ ಆಮೆನ್ ವಾಪಸಿಲ್ಲವೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು, ನಾನು ಈಳಿಗೆ ಎಳೆದುಕೊಂಡು ಕಾಯಿಪಲ್ಯ ಹೆಚ್ಚತೊಡಗಿದೆ.

ಆ ಸಂಜೆ ಅವ್ವನ ಸರದಿ ಬಂದಾಗ ಅವಳು ದನಿ ಏರಿಸದೆ, ಬಾಗಿಲಲ್ಲಿ ನಿಂತ ಪರಿಚಯದವರ ಜೊತೆ ಮಾತಾಡುವ ಹಾಗೆ ಪ್ರಾರ್ಥಿಸಿದಳು.

"ಕರ್ತನೇ, ನಾ ತಿಳೀಲಾರದ ಆಮೆನ್ ಅಂದೆ. ನೀ ತಿಳದ ಕೇಳಿಸ್ಕೊಂಡಿ. ಆಕೀ ಭಾಷಾನೂ ನಿನಗ ಬರತೈತಿ, ನಂದೂ ಬರತೈತಿ. ಬರೋಬರ್ ಹಿಡದಿ ನನ್ನ. ಆತು, ಆಕಿನ್ನ ಒಯ್ಯಿ. ಆದರ ನಂದೂ ಒಂದು ಮಾತೈತಿ. ಈ ಪ್ರಾರ್ಥನಾ ನಾ ಇವತ್ತ ಮುಗಸಂಗಿಲ್ಲ. ಆಕಿ ತಿರಿಗಿ ಬಂದು ನನ್ನ ಬಾಗಲದಾಗ ನಿಂತ ದಿವಸ ಆಮೆನ್ ಅಂತೀನಿ. ಅಲ್ಲೀತನಕ ನೀನೂ ಏಳೂ ಹಂಗಿಲ್ಲ, ನಾನೂ ಏಳಂಗಿಲ್ಲ. ನಡುವ ಆಕೀಗೇನೂ ಆಗಬಾರ್ದು."

ಅಷ್ಟು ಹೇಳಿ ಸುಮ್ಮನಾದಳು. ಕಣ್ಣು ತೆರೆದು, ಚಾಪೆ ಸುತ್ತಿ, ನನಗೆ ತಟ್ಟೆ ಹಾಕಲು ಹೇಳಿದಳು. ನಮ್ಮ ಮನೆಯಲ್ಲಿ ಆಮೆನ್ ಇಲ್ಲದೆ ಯಾರಾದರೂ ಎದ್ದದ್ದು ಅದೇ ಮೊದಲು. ಅಕ್ಕ ಕಣ್ಣು ಮುಚ್ಚಿಕೊಂಡೇ ಅಳುತ್ತಿದ್ದಳು. ನಾನೂ ಅತ್ತೆ.

ಅಕ್ಕ ಹೋದಳು. ಅವ್ವ ಸಂತೆಗೆ ಹೋದರೂ, ಅಕ್ಕಿ ಆರಿಸಿದರೂ, ಪಕ್ಕದ ಮನೆಯವರ ಜೊತೆ ಕಸದ ಗಾಡಿಯ ವಿಷಯಕ್ಕೆ ಮರಾಠಿಯಲ್ಲಿ ಜಗಳ ಮಾಡಿದರೂ ಎಲ್ಲ ಆ ಪ್ರಾರ್ಥನೆಯ ಒಳಗೇ ನಡೆಯುತ್ತಿತ್ತು. ಸಂಜೆಗೆ ಬೇರೆ ಪ್ರಾರ್ಥನೆ ಮಾಡುತ್ತಿದ್ದಳು, ಅದಕ್ಕೆ ಆಮೆನ್ ಇತ್ತು. ದೊಡ್ಡದು ತೆರೆದೇ ಇತ್ತು. ಅಕ್ಕ ಮೊದಲ ರಜೆಗೆ ಬಂದಾಗ ಅವ್ವ ಬಾಗಿಲಿಗೆ ಓಡಿ, ಅವಳು ಚಪ್ಪಲಿ ಬಿಡುವ ಮೊದಲೇ, ನೀರು ಕೊಡುವ ಮೊದಲೇ, "ಆಮೆನ್" ಎಂದಳು. ಆಮೇಲೆ ಒಳಗೆ ಕರೆದಳು. ಅದೇ ಪದ್ಧತಿಯಾಗಿ ಹೋಯಿತು. ಹೊರಡುವ ಸಂಜೆ ಪ್ರಾರ್ಥನೆ ತೆರೆಯುವುದು, ಬಾಗಿಲಲ್ಲಿ ಮುಗಿಸುವುದು. ಎಷ್ಟು ಸಲವೋ ನಾನು ಎಣಿಸಲಿಲ್ಲ. ಎರಡರ ನಡುವೆ ಆ ದೇಶದಲ್ಲಿ ಏನೇನೋ ಆಯಿತು, ಅಕ್ಕನಿಗೆ ಮಲೇರಿಯಾ ಬಂತು, ಆಸ್ಪತ್ರೆಯ ಮಾಡು ಹಾರಿತು, ಕಾವಲುಗಾರ ಮುದುಕ ಸತ್ತ. ಅಕ್ಕ ಬರುತ್ತಲೇ ಇದ್ದಳು.

ಕಳೆದ ವರ್ಷ ಅವ್ವ ಹೋದಳು. ಬೆಳಿಗ್ಗೆ ಚಹಾ ಕುಡಿದು, ಆಯಾಸ ಎಂದು ಮಲಗಿದವಳು ಏಳಲಿಲ್ಲ. ಮಣ್ಣಿಗೆ ಅಕ್ಕ ಬರಲಾಗಲಿಲ್ಲ, ಅಲ್ಲಿ ರಸ್ತೆ ಬಂದ್ ಆಗಿತ್ತು. ಸಭೆಯವರೂ, ಮರಾಠಿ ಚರ್ಚಿನವರೂ, ಹೋಳಿಗೆ ಕೊಡುತ್ತಿದ್ದ ಕನ್ನಡದವರೂ ಹೆಗಲು ಕೊಟ್ಟರು. ಎಲ್ಲ ಮುಗಿದು ಮನೆಯಲ್ಲಿ ನಾನೊಬ್ಬಳೇ ಉಳಿದಾಗ ಅಕ್ಕ ಬಂದಳು. ಆಟೋ ನಿಂತ ಸದ್ದು ಕೇಳಿ ಬಾಗಿಲು ತೆಗೆದೆ.

ಅವಳು ಹೊಸ್ತಿಲಾಚೆ ನಿಂತಿದ್ದಳು. ಕಾಲಲ್ಲಿ ಚಪ್ಪಲಿ, ಹೆಗಲಲ್ಲಿ ಚೀಲ. "ಬಾ ಒಳಗ" ಎಂದೆ. ಬರಲಿಲ್ಲ. ಕೈ ಹಿಡಿದೆಳೆದೆ, ಅಲ್ಲಾಡಲಿಲ್ಲ. ನನ್ನ ಹೆಗಲಾಚೆ, ಪಡಸಾಲೆಯ ಒಳಗೆ, ಗೋಡೆಗೆ ಒರಗಿಸಿಟ್ಟ ಚಾಪೆಯನ್ನು ನೋಡುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು. ಹೋದ ಸಲ ಅಕ್ಕ ಹೊರಡುವಾಗ ಅವ್ವ ತೆರೆದ ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ.

ಮನೆಯಲ್ಲಿ ಉಳಿದವಳು ನಾನೊಬ್ಬಳೇ. ಮನಸ್ಸಿನಲ್ಲಿ ಇಲ್ಲದ ಆಮೆನ್ ಬಗ್ಗೆ ಅಪ್ಪ ಹೇಳುತ್ತಿದ್ದ ಮಾತು ನೆನಪಾಯಿತು. ಅವ್ವ ಬೇಡಿದ್ದೆಲ್ಲ ನೆನಪಾಯಿತು, ಅದು ನಡೆದೂ ಇತ್ತು: ಅಕ್ಕ ಬಾಗಿಲಲ್ಲಿ ಜೀವಂತ ನಿಂತಿದ್ದಳು. ನಾನು ಮೊದಲ ಬಾರಿಗೆ ಯಾರೂ ಹೇಳದೆ ಕಣ್ಣು ಮುಚ್ಚಿದೆ.

"ಆಮೆನ್" ಎಂದೆ.

ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದಳು.